ಸೌರಫಲಕದ ಅಂಚಿಗೆ ಬೀಳುವ ಗೇಣಗಲ ನೆರಳು

ಪ್ರಶ್ನೆ: ಮನೆಯ ತಾರಸಿಯ ಮೇಲೆ ಹತ್ತು ಸೌರಫಲಕಗಳನ್ನು ಒಂದೇ ಸಾಲಿನಲ್ಲಿ ಹಾಕಿಸಬೇಕೆಂದಿದ್ದೇವೆ. ವರ್ಷದ ಕೆಲವು ತಿಂಗಳು, ಮಧ್ಯಾಹ್ನ ಮೂರರ ಹೊತ್ತಿಗೆ, ಮುಂದಿನ ಪ್ಯಾರಾಪೆಟ್ ಗೋಡೆಯ ನೆರಳು ಎಲ್ಲ ಫಲಕಗಳ ಕೆಳ ಅಂಚಿನ ಮೇಲೂ ಒಂದು ಗೇಣಿನಷ್ಟು ಬೀಳುತ್ತದೆ. ಒಟ್ಟು ವಿಸ್ತೀರ್ಣದಲ್ಲಿ ಅದು ಹತ್ತರಲ್ಲೊಂದು ಪಾಲು ಮಾತ್ರ, ಆದ್ದರಿಂದ ಉತ್ಪಾದನೆಯೂ ಹತ್ತರಲ್ಲೊಂದು ಪಾಲು ತಗ್ಗುತ್ತದೆ, ಚಿಂತೆ ಬೇಡ ಎಂದು ಅಳವಡಿಸುವವರು ಹೇಳುತ್ತಾರೆ. ಈ ಲೆಕ್ಕ ಸರಿಯೇ?

ಉತ್ತರ: ಸರಿಯಲ್ಲ. ನೀವು ಹೇಳಿದಂಥ ನೆರಳು, ಫಲಕದ ಬಗೆಯನ್ನೂ ಅದನ್ನು ನಿಲ್ಲಿಸಿದ ರೀತಿಯನ್ನೂ ಅನುಸರಿಸಿ, ಆ ಹೊತ್ತಿನ ಉತ್ಪಾದನೆಯಲ್ಲಿ ಮೂರರಲ್ಲೊಂದು ಪಾಲನ್ನು ಕಳೆಯಬಹುದು, ಅರ್ಧವನ್ನು ಕಳೆಯಬಹುದು, ಹತ್ತರಲ್ಲಿ ಎಂಟೊಂಬತ್ತು ಪಾಲನ್ನೇ ನುಂಗಿಬಿಡಬಹುದು. ಅಳವಡಿಸುವವರು ಬೇಕೆಂದೇ ತಪ್ಪು ಹೇಳುತ್ತಿದ್ದಾರೆಂದು ನಾನು ಭಾವಿಸುವುದಿಲ್ಲ. ಹೊಲದ ಒಂದು ಬದಿಗೆ ಮರದ ನೆರಳು ಬಿದ್ದರೆ ಆ ಬದಿಯ ಪೈರಷ್ಟೇ ಸೊರಗುತ್ತದೆ, ಉಳಿದ ಹೊಲ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಫಲಕವೂ ಹಾಗೆಯೇ ಇರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಫಲಕದೊಳಗಿನ ಏರ್ಪಾಡು ಹೊಲದಂತಿಲ್ಲ, ಸರಪಳಿಯಂತಿದೆ.

ಫಲಕದ ಗಾಜಿನಡಿಯಲ್ಲಿ ಕಡುನೀಲಿ ಅಥವಾ ಕಪ್ಪು ಬಣ್ಣದ ಚೌಕಗಳು ಸಾಲಾಗಿ ಕೂತಿರುವುದನ್ನು ನೀವು ನೋಡಿರುತ್ತೀರಿ. ಅವೇ ಸಿಲಿಕಾನ್ ಸೆಲ್‌ಗಳು, ಒಂದೊಂದರ ಬದಿ ಸುಮಾರು 16ರಿಂದ 18 ಸೆಂಟಿಮೀಟರ್. ಒಂದು ಸೆಲ್ ಒಳ್ಳೆಯ ಬಿಸಿಲಿನಲ್ಲಿ ಹತ್ತು ಆಂಪಿಯರಿನಷ್ಟು ಕರೆಂಟನ್ನು ಕೊಟ್ಟರೂ ಅದರ ವೋಲ್ಟೇಜ್ ಅರ್ಧ ವೋಲ್ಟಿಗಿಂತ ಸ್ವಲ್ಪವೇ ಹೆಚ್ಚು. ಅಷ್ಟು ಕಡಿಮೆ ವೋಲ್ಟೇಜಿನಿಂದ ಮನೆಯ ಯಾವ ಕೆಲಸವೂ ಆಗದಿರುವುದರಿಂದ, ಒಂದರ ಹಿಂದೆ ಒಂದರಂತೆ 60 ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಒಂದು ಫಲಕ ಮಾಡುತ್ತಾರೆ, ಅಂಥ ಹತ್ತು ಫಲಕಗಳನ್ನು ಮತ್ತೆ ಸರಣಿಯಲ್ಲಿಯೇ ಸೇರಿಸಿ ಇನ್ವರ್ಟರಿಗೆ ಕೊಡುತ್ತಾರೆ. ಸರಣಿಯಲ್ಲಿ ವೋಲ್ಟೇಜುಗಳು ಕೂಡಿಕೊಳ್ಳುತ್ತವೆ, ಕರೆಂಟು ಮಾತ್ರ ಎಲ್ಲದರಲ್ಲೂ ಒಂದೇ ಆಗಿರಬೇಕು. ನಿಮ್ಮ ಪ್ರಶ್ನೆಯ ಉತ್ತರ ಈ ಒಂದು ನಿಯಮದಲ್ಲಿಯೇ ಇದೆ.

ಕಟ್ಟಡದ ಕೆಲಸದಲ್ಲಿ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಆಳುಗಳ ಸಾಲನ್ನು ನೆನಪಿಸಿಕೊಳ್ಳಿ. ಸಾಲಿನಲ್ಲಿ 60 ಮಂದಿ ಇದ್ದು ಒಬ್ಬನ ಕೈ ನಿಧಾನವಾದರೆ, ಕೊನೆಯಲ್ಲಿ ನಿಂತವನಿಗೆ ಇಟ್ಟಿಗೆ ತಲುಪುವುದು ಆ ಒಬ್ಬನ ವೇಗದಲ್ಲಿಯೇ. ಸೆಲ್‌ನ ಕರೆಂಟು ಅದರ ಮೇಲೆ ಬೀಳುವ ಬೆಳಕಿಗೆ ಹೆಚ್ಚುಕಡಿಮೆ ನೇರ ಪ್ರಮಾಣದಲ್ಲಿರುತ್ತದೆ. ಬೆಳಕು ಅರ್ಧವಾದರೆ ಕರೆಂಟೂ ಅರ್ಧವಾಗುತ್ತದೆ, ವೋಲ್ಟೇಜು ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ಸೂರ್ಯ ಮರೆಯಾದಾಗ ಸೆಲ್‌ಗೆ ಸಿಗುವುದು ಆಕಾಶದಿಂದ ಚದುರಿ ಬರುವ ಬೆಳಕಷ್ಟೇ, ತಿಳಿಯಾದ ದಿನ ಅದು ಒಟ್ಟು ಬೆಳಕಿನ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು. ಅಂದರೆ ನೆರಳಿನಲ್ಲಿರುವ ಒಂದು ಸೆಲ್, ಬಿಸಿಲಿನಲ್ಲಿರುವ ತನ್ನ ಎಲ್ಲ ಜೊತೆಗಾರರನ್ನೂ ಒಂದೆರಡು ಆಂಪಿಯರಿಗೆ ಕಟ್ಟಿಹಾಕುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಉಳಿದ ಸೆಲ್‌ಗಳು ತಮ್ಮ ಪೂರ್ತಿ ಕರೆಂಟನ್ನು ದಾಟಿಸಲು ಒತ್ತುತ್ತಲೇ ಇರುವುದರಿಂದ, ನೆರಳಿನ ಸೆಲ್‌ನ ಮೇಲೆ ವಿರುದ್ಧ ದಿಕ್ಕಿನ ವೋಲ್ಟೇಜು ಬೀಳುತ್ತದೆ, ಉತ್ಪಾದಿಸಬೇಕಾದ ಸೆಲ್ಲೇ ಉಳಿದವುಗಳ ವಿದ್ಯುತ್ತನ್ನು ತಾನು ಉರಿಸತೊಡಗುತ್ತದೆ. ಆ ಚೌಕದ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಕಾಲಾಂತರದಲ್ಲಿ ಅದರ ಸುತ್ತಿನ ಪದರ ಕಂದುಬಣ್ಣಕ್ಕೆ ತಿರುಗಬಹುದು, ಗಾಜು ಬಿರಿಯಲೂಬಹುದು. ಒಣಗಿ ಅಂಟಿಕೊಂಡ ಹಕ್ಕಿಯ ಹಿಕ್ಕೆಯನ್ನು ತಿಂಗಳುಗಟ್ಟಲೆ ಹಾಗೇ ಬಿಡಬಾರದು ಎನ್ನುವುದು ಇದಕ್ಕಾಗಿಯೇ.

ಈ ಅಪಾಯವನ್ನು ತಡೆಯಲು ಫಲಕದ ಹಿಂಬದಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳನ್ನು ಇಟ್ಟಿರುತ್ತಾರೆ. 60 ಸೆಲ್‌ಗಳ ಫಲಕದಲ್ಲಿ ಒಂದೊಂದು ಡಯೋಡ್ 20 ಸೆಲ್‌ಗಳ ಒಂದು ಗುಂಪನ್ನು ಕಾಯುತ್ತದೆ. ಗುಂಪಿನ ಒಂದು ಸೆಲ್ ತಡೆಯೊಡ್ಡಿದರೂ ಡಯೋಡ್ ತೆರೆದುಕೊಂಡು, ಆ ಇಡೀ ಗುಂಪನ್ನು ಬದಿಗಿರಿಸಿ ಕರೆಂಟಿಗೆ ಬಳಸುದಾರಿ ಮಾಡಿಕೊಡುತ್ತದೆ. ಇಟ್ಟಿಗೆಯ ಸಾಲಿನಲ್ಲಿ ಒಬ್ಬನ ಕೈಸೋತದ್ದಕ್ಕೆ ಅವನ ಸುತ್ತಲಿನ ಇಪ್ಪತ್ತೂ ಮಂದಿಯನ್ನು ಕೂರಿಸಿ, ಇಟ್ಟಿಗೆಯನ್ನು ಅವರನ್ನು ದಾಟಿಸಿ ಕಳಿಸಿದಂತೆ.

ಈಗ ನಿಮ್ಮ ಹತ್ತು ಫಲಕಗಳ ಲೆಕ್ಕಕ್ಕೆ ಬರೋಣ. ಒಂದೊಂದು 33 ವೋಲ್ಟ್, 10 ಆಂಪಿಯರಿನದು ಎಂದುಕೊಂಡರೆ ಪೂರ್ಣ ಬಿಸಿಲಿನಲ್ಲಿ ಒಟ್ಟು 3300 ವ್ಯಾಟ್ ಸಿಗುತ್ತದೆ. ಸರಪಳಿಯಲ್ಲಿರುವುದು 600 ಸೆಲ್‌ಗಳು, 30 ಗುಂಪುಗಳು. ಒಂದು ಅಗಲವಾದ ಒಣಎಲೆ ಬಂದು ಒಂದೇ ಸೆಲ್‌ನ ಮೇಲೆ ಕೂತರೆ ಒಂದು ಗುಂಪು ಹೊರಗುಳಿದು ಸುಮಾರು 110 ವ್ಯಾಟ್ ನಷ್ಟವಾಗುತ್ತದೆ. ಮುಚ್ಚಿದ್ದು 600ರಲ್ಲಿ ಒಂದು, ಕಳೆದದ್ದು 30ರಲ್ಲಿ ಒಂದು. ಇನ್ನು, ಹತ್ತರಲ್ಲಿ ಒಂದು ಫಲಕ ಪೂರ್ತಿಯಾಗಿ ನೆರಳಿನಲ್ಲಿ ಮುಳುಗಿದೆ ಎನ್ನಿ. ಮೂರು ಗುಂಪುಗಳು ಹೊರಗುಳಿಯುತ್ತವೆ, ನಷ್ಟ ಹತ್ತರಲ್ಲೊಂದು ಪಾಲು; ಅಳವಡಿಸುವವರು ಹೇಳಿದ ಮಾತು ಇಲ್ಲಿಗೆ ಮಾತ್ರ ಒಪ್ಪುತ್ತದೆ. ನಿಮ್ಮ ಗೋಡೆಯ ನೆರಳಿನ ವಿಸ್ತೀರ್ಣವೂ ಒಂದು ಫಲಕದಷ್ಟೇ ಇದೆ, ಅದೂ ಮುಚ್ಚುವುದು 60 ಸೆಲ್‌ಗಳನ್ನೇ. ಆದರೆ ಅದು ಒಂದೇ ಫಲಕದ ಮೇಲೆ ಬೀಳದೆ, ಹತ್ತರ ಬುಡಕ್ಕೂ ಆರಾರು ಸೆಲ್‌ಗಳಂತೆ ಹಂಚಿಕೊಂಡು ಬೀಳುತ್ತದೆ. ಫಲಕವನ್ನು ಉದ್ದುದ್ದ ನಿಲ್ಲಿಸಿದಾಗ ಗುಂಪುಗಳು ಕೆಳಗಿನಿಂದ ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿಯುವುದರಿಂದ, ಬುಡದ ಆ ಆರು ಸೆಲ್‌ಗಳಲ್ಲಿ ಮೂರು ಗುಂಪಿನವೂ ಎರಡೆರಡು ಇರುತ್ತವೆ. ಹೀಗೆ ಮೂವತ್ತಕ್ಕೆ ಮೂವತ್ತು ಗುಂಪುಗಳಿಗೂ ನೆರಳು ತಾಗುತ್ತದೆ, ಬಳಸುದಾರಿ ಹಿಡಿದು ತಲುಪಲು ಬಿಸಿಲಿನ ಗುಂಪೇ ಉಳಿಯುವುದಿಲ್ಲ. ಇಡೀ ಸರಪಳಿ ಚದುರಿದ ಬೆಳಕಿನ ಕರೆಂಟಿಗೆ ಇಳಿಯುತ್ತದೆ, 3300 ವ್ಯಾಟ್ ಬರಬೇಕಾದ ಕಡೆ 330ರಿಂದ 660 ವ್ಯಾಟ್. ಮೇಲಿನ ಒಂಬತ್ತು ಪಾಲು ಗಾಜು ಥಳಥಳ ಹೊಳೆಯುತ್ತಲೇ ಇರುತ್ತದೆ, ಇನ್ವರ್ಟರಿನ ಪರದೆಯ ಮೇಲೆ ಅಂಕಿ ಮಾತ್ರ ಕುಸಿದಿರುತ್ತದೆ. ಯಂತ್ರ ಕೆಟ್ಟಿದೆ ಎಂದು ಎಷ್ಟೋ ಮಂದಿ ದೂರುವುದು ಈ ಹೊತ್ತಿನಲ್ಲಿಯೇ.

ಆದ್ದರಿಂದ ನೆರಳಿನ ಅಳತೆಗಿಂತ ಅದು ಎಷ್ಟು ಗುಂಪುಗಳನ್ನು ಮುಟ್ಟುತ್ತದೆ ಎಂಬುದೇ ಮುಖ್ಯ. ಮೇಲಿನ ಲೆಕ್ಕದಲ್ಲಿ ಬಂದ, ಇಡೀ ಸೆಲ್‌ಗಳ ಹಳೆಯ ಬಗೆಯ ಫಲಕಗಳನ್ನು ಅಡ್ಡಡ್ಡ ಮಲಗಿಸಿ ಒಂದೇ ಸಾಲಿನಲ್ಲಿಟ್ಟರೆ, ಕೆಳ ಅಂಚಿನ ನೆರಳು ಪ್ರತಿ ಫಲಕದ ಒಂದು ಗುಂಪನ್ನು ಮಾತ್ರ ಹಿಡಿಯುತ್ತದೆ, ನಷ್ಟ ಮೂರರಲ್ಲೊಂದು ಪಾಲಿಗೆ ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದಿರುವ, ಸೆಲ್‌ಗಳನ್ನು ಎರಡಾಗಿ ಕತ್ತರಿಸಿ ಮಾಡಿದ ಅರ್ಧ ಸೆಲ್‌ಗಳ ಫಲಕದಲ್ಲಿ ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಸಮಾಂತರವಾಗಿ, ಅಂದರೆ ಒಂದರ ಕರೆಂಟು ಇನ್ನೊಂದನ್ನು ಹಾದುಹೋಗಬೇಕಿಲ್ಲದಂತೆ, ಜೋಡಣೆಗೊಂಡಿರುವುದರಿಂದ, ಅದನ್ನು ಉದ್ದುದ್ದ ನಿಲ್ಲಿಸಿದರೂ ಬುಡದ ನೆರಳು ಕೆಳಗಿನ ಅರ್ಧವನ್ನಷ್ಟೇ ಮಂಕಾಗಿಸುತ್ತದೆ, ಮೇಲಿನ ಅರ್ಧ ದುಡಿಯುತ್ತಲೇ ಇರುತ್ತದೆ. ಯಾವ ಬಗೆಯ ಫಲಕ, ಅದನ್ನು ಉದ್ದಕ್ಕೆ ನಿಲ್ಲಿಸುತ್ತೀರೋ ಅಡ್ಡಕ್ಕೋ ಎಂದು ಒಪ್ಪಂದಕ್ಕೆ ಮುಂಚೆಯೇ ಕೇಳಿ. ಎಷ್ಟು ಕಿಲೋವ್ಯಾಟ್ ಎಂಬ ಪ್ರಶ್ನೆಯಷ್ಟೇ ತೂಕ ಇದಕ್ಕೂ ಇದೆ.

ಎಲ್ಲ ನೆರಳೂ ಒಂದೇ ತೂಕದ್ದಲ್ಲ. ಸೂರ್ಯ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬವಾಗಿ ಕಾಣುವುದರಿಂದ, ಯಾವುದೇ ವಸ್ತುವಿನ ದಟ್ಟ ನೆರಳು ಅದರ ದಪ್ಪದ ನೂರೆಂಟು ಪಟ್ಟಿನಷ್ಟು ದೂರಕ್ಕೆ ಹೋಗಿ ಮುಗಿಯುತ್ತದೆ, ಆಮೇಲೆ ಉಳಿಯುವುದು ಮಸುಕಾದ ಅರೆನೆರಳು. ಒಂದು ಸೆಂಟಿಮೀಟರ್ ದಪ್ಪದ ತಂತಿ ಫಲಕದಿಂದ ನಾಲ್ಕು ಮೀಟರ್ ಎತ್ತರದಲ್ಲಿ ಹಾದುಹೋಗಿದ್ದರೆ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಐದು ಸೆಂಟಿಮೀಟರ್ ದಪ್ಪದ ಕೊಳವೆ ಫಲಕದ ಪಕ್ಕದಲ್ಲೇ ನಿಂತಿದ್ದರೆ ಅದರ ದಟ್ಟ ನೆರಳು ಐದು ಮೀಟರಿಗೂ ಹೆಚ್ಚು ದೂರ ಚಾಚಿ, ಹಗಲಿಡೀ ಗಡಿಯಾರದ ಮುಳ್ಳಿನಂತೆ ಒಂದು ಫಲಕದಿಂದ ಇನ್ನೊಂದಕ್ಕೆ ಸರಿಯುತ್ತಿರುತ್ತದೆ. ಡಿಶ್ ಆಂಟೆನಾ, ಬಟ್ಟೆ ಒಣಗಿಸುವ ಕಂಬ, ನೀರಿನ ತೊಟ್ಟಿಯ ಗಾಳಿಕೊಳವೆ, ಇಂಥವನ್ನು ಮೊದಲು ಬೇರೆಡೆಗೆ ಸರಿಸಿ. ಇದು ಅತಿ ಕಡಿಮೆ ಶ್ರಮದಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ, ಆದರೂ ಇದನ್ನೇ ಮರೆಯುತ್ತಾರೆ.

ಪ್ರತಿ ಫಲಕಕ್ಕೂ ಪುಟ್ಟ ಇನ್ವರ್ಟರ್ ಅಥವಾ ಆಪ್ಟಿಮೈಸರ್ ಹಾಕಿಸಿದರೆ ನೆರಳಿನ ಚಿಂತೆಯೇ ಇಲ್ಲ ಎಂಬ ಮಾತನ್ನೂ ನೀವು ಕೇಳಿರಬಹುದು. ಅವು ಮಾಡುವುದು ಒಂದು ಫಲಕದ ಸೋಲು ಇನ್ನೊಂದಕ್ಕೆ ತಗುಲದಂತೆ ಬೇರ್ಪಡಿಸುವ ಕೆಲಸ. ತೊಟ್ಟಿಯ ನೆರಳು ಒಂದೆರಡು ಫಲಕಗಳ ಮೇಲೆ ಸರಿದಾಡುವ ತಾರಸಿಯಲ್ಲಿ ಅವುಗಳಿಂದ ಪ್ರಯೋಜನವಿದೆ. ನಿಮ್ಮಲ್ಲಿ ಹತ್ತಕ್ಕೆ ಹತ್ತೂ ಒಂದೇ ರೀತಿ ಸೋಲುವುದರಿಂದ ಬೇರ್ಪಡಿಸಿ ಸಿಗುವುದೇನೂ ಇಲ್ಲ. ಬೀಳದ ಬೆಳಕನ್ನು ಯಾವ ಸಲಕರಣೆಯೂ ತಂದುಕೊಡಲಾರದು.

ನಿಮ್ಮ ವಿಷಯದಲ್ಲಿ ಗೋಡೆಯಿಂದ ದೂರ ಸರಿಯುವುದೇ ಮೊದಲ ಉಪಾಯ. ಎಷ್ಟು ದೂರ ಎಂಬುದನ್ನು ಊಹೆಗೆ ಬಿಡಬೇಡಿ. ಒಂದು ಮೀಟರ್ ಉದ್ದದ ಕೋಲನ್ನು ತಾರಸಿಯ ಮೇಲೆ ನೆಟ್ಟಗೆ ಹಿಡಿದು ಬೆಳಿಗ್ಗೆ ಒಂಬತ್ತಕ್ಕೆ, ನಡುಮಧ್ಯಾಹ್ನ ಮತ್ತು ಮೂರು ಗಂಟೆಗೆ ಅದರ ನೆರಳನ್ನು ಅಳೆಯಿರಿ, ಗೋಡೆಯ ನೆರಳಿನ ಅಂಚಿಗೂ ಸೀಮೆಸುಣ್ಣದಿಂದ ಗೆರೆ ಎಳೆದು ಹೊತ್ತನ್ನು ಬರೆದಿಡಿ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ಕೋಲಿನ ನೆರಳು ಕೋಲಿನಷ್ಟೇ ಇರುತ್ತದೆ, 30 ಡಿಗ್ರಿಗೆ ಇಳಿದರೆ 1.73 ಮೀಟರ್ ಆಗುತ್ತದೆ. ಉತ್ತರಾರ್ಧಗೋಳದಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ಅತಿ ಹೆಚ್ಚು ವಾಲುವುದು ಡಿಸೆಂಬರ್ 21ರ ಸುಮಾರಿಗೆ. ದಕ್ಷಿಣಾರ್ಧಗೋಳದಲ್ಲಿ ಅವನು ಉತ್ತರಕ್ಕೆ ಹಾಗೆ ವಾಲುವುದು ಜೂನ್ 21ರ ಸುಮಾರಿಗೆ. ಆ ದಿನಗಳ ಆಸುಪಾಸಿನಲ್ಲಿ ಎಳೆದ ಗೆರೆಯೇ ನಂಬತಕ್ಕದ್ದು. ಬೇಸಗೆಯಲ್ಲಿ ಅಳೆದು ನೆರಳೇ ಇಲ್ಲವೆಂದು ಸಮಾಧಾನಪಟ್ಟವರು ಚಳಿಗಾಲದಲ್ಲಿ ಚಕಿತರಾಗುತ್ತಾರೆ. ಭೂಮಧ್ಯರೇಖೆಗೆ ಹತ್ತಿರದ ಪ್ರದೇಶಗಳಲ್ಲಿ ಸೂರ್ಯ ವರ್ಷದ ಒಂದು ಭಾಗ ನೆತ್ತಿಯನ್ನು ದಾಟಿ ಆಚೆ ಬದಿಗೂ ಹೋಗುವುದರಿಂದ, ಫಲಕಗಳ ಹಿಂದಿರುವ ತೊಟ್ಟಿಯ ಮೇಲೂ ಒಂದು ಕಣ್ಣಿಡಬೇಕು.

ಗೋಡೆಯ ಎತ್ತರ ಒಂದು ಮೀಟರ್, ಫಲಕದ ಕೆಳ ಅಂಚು ತಾರಸಿಯಿಂದ 30 ಸೆಂಟಿಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ನೆರಳಿನ ಮಟ್ಟಿಗೆ ಲೆಕ್ಕಕ್ಕೆ ಬರುವುದು ಉಳಿದ 70 ಸೆಂಟಿಮೀಟರ್. ಅದನ್ನು 1.73ರಿಂದ ಗುಣಿಸಿದರೆ ಸುಮಾರು 1.2 ಮೀಟರ್, ಕೆಳ ಅಂಚು ಗೋಡೆಯಿಂದ ಅಷ್ಟು ದೂರವಿದ್ದರೆ ಸೂರ್ಯ 30 ಡಿಗ್ರಿಗೆ ಇಳಿಯುವ ತನಕ ನೆರಳು ತಾಗುವುದಿಲ್ಲ. ಸೂರ್ಯ ಗೋಡೆಗೆ ಓರೆಯಾಗಿದ್ದಾಗ ಇನ್ನೂ ಕಡಿಮೆ ದೂರ ಸಾಕಾಗುತ್ತದೆ. ಅಷ್ಟು ಜಾಗವಿಲ್ಲವಾದರೆ ಚೌಕಟ್ಟನ್ನು ಎತ್ತರಿಸಬಹುದು, ಆದರೆ ಎತ್ತರಿಸಿದಷ್ಟೂ ಗಾಳಿಯ ಹೊಡೆತ ಹೆಚ್ಚುತ್ತದೆ, ಬುಡದ ಕಟ್ಟು ಅದಕ್ಕೆ ತಕ್ಕಂತೆ ಬಲವಾಗಿರಬೇಕು. ಅದೂ ಆಗದಿದ್ದರೆ ನೆರಳಿಲ್ಲದ ಜಾಗದಲ್ಲಿ ಹಿಡಿಸುವ ಎಂಟನ್ನೇ ಹಾಕಿಸಿ ಎನ್ನುತ್ತೇನೆ. ಹತ್ತೇ ಬೇಕೆಂದಾದರೆ ಫಲಕಗಳನ್ನು ಅಡ್ಡಕ್ಕೆ ಮಲಗಿಸಲು ಹೇಳಿ, ಮೂರು ಗಂಟೆಯ ಸೀಮೆಸುಣ್ಣದ ಗೆರೆಯನ್ನು ತೋರಿಸಿ, ಮೊದಲ ಬೋಲ್ಟಿನ ತೂತು ಅದರ ಆಚೆಗೇ ಬೀಳುವಂತೆ ನಿಂತು ನೋಡಿಕೊಳ್ಳಿ.