ಯಾವ ಪಾಯಿಂಟ್ ಅಂತ ಮೊದಲು ಕೇಳಿ

ಪುಟವಿನ್ಯಾಸದ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಫ್ರೆಂಚ್ ಪುಸ್ತಕವೊಂದರ ಮರುಮುದ್ರಣ ನನ್ನ ಪಾಲಿಗೆ ಬಂತು. ಜೊತೆಗಿದ್ದ ಚೀಟಿಯಲ್ಲಿ ಅಳತೆ ಬರೆದಿತ್ತು: ಪುಟಕ್ಕೆ 40 ಸಾಲು, ಸಾಲಿಗೆ 14 ಪಾಯಿಂಟ್ (ಪಾಯಿಂಟ್ ಅಂದರೆ ಮುದ್ರಣದವರು ಅಕ್ಷರ, ಸಾಲುಗಳನ್ನು ಅಳೆಯುವ ಪುಟ್ಟ ಅಳತೆ). ಒಟ್ಟು 560 ಪಾಯಿಂಟ್. ಹಾಗೇ ಕೂರಿಸಿ, ಪ್ರಿಂಟ್ ತೆಗೆದು, ಹಳೆಯ ಪುಟದ ಪಕ್ಕ ಇಟ್ಟೆ. ನನ್ನ ಪುಟ 13 ಮಿ.ಮೀ. ಗಿಡ್ಡ! ಎರಡೂವರೆ ಸಾಲು ಹಿಡಿಸುವಷ್ಟು ಜಾಗ ಅದು. ಮೂರು ಸಲ ಲೆಕ್ಕ ಹಾಕಿದೆ, ಲೆಕ್ಕ ಸರಿಯಾಗೇ ಇತ್ತು. ಎರಡು ಕಡೆಯ ಪಾಯಿಂಟ್‌ಗಳೇ ಬೇರೆ ಬೇರೆಯಾಗಿದ್ದವು.

ಇವತ್ತಿನ ವಿನ್ಯಾಸ ತಂತ್ರಾಂಶಗಳಲ್ಲಿ ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ, 0.3528 ಮಿ.ಮೀ. ಫ್ರಾನ್ಸ್, ಜರ್ಮನಿಗಳ ಹಳೆಯ ಮುದ್ರಣದಲ್ಲಿ ನಡೆಯುತ್ತಿದ್ದದ್ದು ದಿದೋ ಪಾಯಿಂಟ್, 0.376 ಮಿ.ಮೀ. ಅದೂ ಇಂಚಿನ 72ನೇ ಒಂದು ಭಾಗವೇ. ಆದರೆ ಆ ಇಂಚು ಹಳೆಯ ಫ್ರೆಂಚ್ ಇಂಚು, ಸುಮಾರು 27.07 ಮಿ.ಮೀ. ಉದ್ದದ್ದು. ಗೊಂದಲ ಹುಟ್ಟುವುದೇ ಇಲ್ಲಿ, ಅಲ್ವಾ? ಟೆಕ್ (TeX) ಅನ್ನುವ ಪುಟ ಜೋಡಿಸುವ ತಂತ್ರಾಂಶ ಬಳಸುವವರ ಪಾಯಿಂಟ್ ಇನ್ನೂ ಬೇರೆ: ಇಂಚಿಗೆ 72.27. ಅದರಿಂದ 560 ಪಾಯಿಂಟಿಗೆ ಮುಕ್ಕಾಲು ಮಿ.ಮೀ. ಅಷ್ಟೇ ವ್ಯತ್ಯಾಸ. 12 ಪಾಯಿಂಟ್ ಸೇರಿದರೆ ಒಂದು ಪೈಕಾ, 12 ದಿದೋ ಸೇರಿದರೆ ಒಂದು ಸಿಸೆರೊ.

ಹೀಗಾಗಿ ನಾನು ಒಂದು ಅಳತೆಯಿಂದ ಇನ್ನೊಂದಕ್ಕೆ ನೇರವಾಗಿ ಹಾರುವುದಿಲ್ಲ. ಮೊದಲು ಮಿ.ಮೀ.ಗೆ ತರುತ್ತೇನೆ, ಅಲ್ಲಿಂದ ಬೇಕಾದ ಅಳತೆಗೆ ಹೋಗುತ್ತೇನೆ. ಇಂಚು 25.4 ಮಿ.ಮೀ., ಚೂರೂ ಹೆಚ್ಚುಕಡಿಮೆ ಇಲ್ಲ. 1959ರಿಂದ ಅದು ಹಾಗೇ ನಿಗದಿಯಾಗಿದೆ. ಪೂರ್ಣಾಂಕ ಮಾಡುವ ಆಸೆಯನ್ನು ಕೊನೆಯವರೆಗೂ ತಡೆಯಿರಿ. ಪಾಯಿಂಟಿಗೆ ಸುಮ್ನೆ 0.35 ಅಂತ ಹಿಡಿದರೆ 560 ಪಾಯಿಂಟಿಗೆ 196 ಮಿ.ಮೀ. ಬರುತ್ತದೆ. ನಿಜವಾಗಿ ಬರಬೇಕಾದ್ದು 197.56.

ಎಮ್ (em) ಅನ್ನುವ ಇನ್ನೊಂದು ಅಳತೆಯನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ, ಅದು ಅಕ್ಷರದ ಗಾತ್ರದ ಜೊತೆಗೇ ಬದಲಾಗುತ್ತದೆ. ಅಕ್ಷರದ ಗಾತ್ರ 10 ಪಾಯಿಂಟ್ ಇದ್ದರೆ ಎಮ್ ಕೂಡ 10, ಗಾತ್ರ 14 ಆದರೆ ಅದೂ 14. ಅಕ್ಷರದ ಗಾತ್ರ ತಿಳಿಯದೆ ಅದನ್ನು ಮಿ.ಮೀ.ಗೆ ತರಲು ಆಗುವುದಿಲ್ಲ.

ಚೀಟಿಯಲ್ಲಿ ಯಾವ ಪಾಯಿಂಟ್ ಅಂತ ಬರೆದಿರುವುದಿಲ್ಲ. ಆಗ ಹಳೆಯ ಪುಟವನ್ನೇ ಕೇಳಬೇಕು. ಉಕ್ಕಿನ ಸ್ಕೇಲ್ ತೆಗೆದುಕೊಳ್ಳಿ. ಮೊದಲ ಸಾಲಿನ ಅಕ್ಷರಗಳು ಕೂತಿರುವ ಗೆರೆಯಿಂದ 21ನೇ ಸಾಲಿನ ಅದೇ ಗೆರೆಯವರೆಗೆ ಅಳೆಯಿರಿ. 20ನೇ ಸಾಲಿಗೇ ನಿಲ್ಲಿಸಿದರೆ ಸಿಗುವುದು 19 ಅಂತರ ಮಾತ್ರ. ಈ ತಪ್ಪನ್ನು ಮಾಡುವವರು ಜಾಸ್ತಿ. 14 ಪಾಯಿಂಟಿನ ಸಾಲುಗಳಾದರೆ ಇಂದಿನ ಪಾಯಿಂಟಿನಲ್ಲಿ 98.8 ಮಿ.ಮೀ. ಸಿಗುತ್ತದೆ, ದಿದೋದಲ್ಲಿ 105.3. ನನ್ನ ಫ್ರೆಂಚ್ ಪುಟದಲ್ಲಿ ಸ್ಕೇಲ್ 105 ದಾಟಿ ನಿಂತಿತು.