ಮೇಷ್ಟ್ರನ್ನು ಸೈನ್ಯಕ್ಕೆ ಕರೆದರೆ ಕಾಗದದಲ್ಲಿ ಏನಿರಬೇಕು?

2025ರ ಮೇ ತಿಂಗಳಲ್ಲಿ ಗಡಿ ಬಿಸಿಯಾದಾಗ ಬೀದರ್‌ನ ನನ್ನ ಆಫೀಸಿಗೆ ಮೇಷ್ಟ್ರುಗಳು ಬಂದರು. ಒಬ್ಬರು ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಸುವವರು, ಇನ್ನೊಬ್ಬರು ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುವವರು. “ವಕೀಲ್ ಸಾಬ್, ಯುದ್ಧ ಆದ್ರ ನಮ್ಮನ್ನೂ ಕರೀತಾರೇನ್ರಿ? ಕರೆದ್ರ ನೌಕರಿ ಗತಿ ಏನ್ರಿ?” ಸರ್ವಿಸ್ ಮತ್ತು ಪಿಂಚಣಿ ಕೇಸು ನಡೆಸುವವನಾಗಿ ಹೇಳುತ್ತೇನೆ, ಎರಡನೇ ಪ್ರಶ್ನೆಯೇ ದೊಡ್ಡದು.

ಯುದ್ಧ ಬಂದಾಗ ಕಲಿಸುವವರಿಗೆ ಯಾಕೆ ಬೇಡಿಕೆ ಅನ್ನೋದು ಬೀದರ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ವಾಯುಪಡೆ ನೆಲೆಯಿಂದ ನಮ್ಮ ತಲೆ ಮೇಲೆ ಹಾರುವ ಹಾಕ್ ತರಬೇತಿ ವಿಮಾನದಲ್ಲಿ ಮುಂದೆ ಕಲಿಯುವ ಹುಡುಗ, ಹಿಂದಿನ ಸೀಟಿನಲ್ಲಿ ಕಲಿಸುವವರು. ಯುದ್ಧದಲ್ಲಿ ಅಂಥ ಅನುಭವಿಗಳು ಗಡಿಗೂ ಬೇಕು, ಕಲಿಸೋದಕ್ಕೂ ಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ, ಕೆನಡಾ ದೇಶಗಳು ಆರಂಭದ ಹಾರಾಟದ ಪಾಠವನ್ನು ಫ್ಲೈಯಿಂಗ್ ಕ್ಲಬ್‌ಗಳಿಗೆ, ಖಾಸಗಿ ಶಾಲೆಗಳಿಗೆ ಒಪ್ಪಿಸಿದ್ದು ಇದಕ್ಕೇ. ಆಗ ನಮ್ಮ ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಅದೇ ಸಂಸ್ಥಾನದ ಬೇಗಂಪೇಟೆಯಲ್ಲೂ ಪೈಲಟ್‌ಗಳ ಶಾಲೆ ನಡೆಯಿತು.

ಅಮೆರಿಕದಲ್ಲಿ ಆದದ್ದನ್ನು ಸ್ವಲ್ಪ ನೋಡಿ. ಸಿವಿಲಿಯನ್ ಶಿಕ್ಷಕರನ್ನು ಸೈನ್ಯದ ಮೀಸಲು ಪಟ್ಟಿಗೆ ಸೇರಿಸಿದರು. ಅದರಿಂದ ಕಡ್ಡಾಯ ಭರ್ತಿ ತಪ್ಪಿತು, ಅವರು ನಿಶ್ಚಿಂತೆಯಿಂದ ಪಾಠ ಹೇಳಿದರು. 1944ರಲ್ಲಿ ಪೈಲಟ್‌ಗಳು ಸಾಕಾದರು. ಶಾಲೆಗಳು ಮುಚ್ಚತೊಡಗಿದವು, ಆ ರಕ್ಷಣೆಯೂ ಹೋಯಿತು. ಸಾವಿರಾರು ಜನರಿಗೆ ಹಾರಲು ಕಲಿಸಿದವರು ಕಾಲಾಳಾಗಿ ಭರ್ತಿಯಾಗುವ ಭಯದಲ್ಲಿ ನಿಂತರು. ವಾಸ್ಪ್ ಎಂಬ ಮಹಿಳಾ ಪೈಲಟ್‌ಗಳ ಪಡೆಯದು ಇನ್ನೂ ನೋವಿನ ಕಥೆ. ಅವರಲ್ಲಿ ಕೆಲವರು ವಿಮಾನದ ಹಿಂದೆ ಬಟ್ಟೆಯ ಗುರಿ ಕಟ್ಟಿಕೊಂಡು ಹಾರುತ್ತಿದ್ದರು. ಕೆಳಗಿನಿಂದ ಹೊಸಬರು ಅದಕ್ಕೆ ನಿಜವಾದ ಗುಂಡು ಹೊಡೆದು ಕಲಿಯುತ್ತಿದ್ದರು. ಆ ಪಡೆಯಲ್ಲಿ 38 ಮಂದಿ ಸತ್ತರು. ಲೆಕ್ಕದಲ್ಲಿ ಸಿವಿಲಿಯನ್ ಅಲ್ವಾ, ಹಾಗಾಗಿ ಶವ ಊರಿಗೆ ಕಳಿಸಲು ಜೊತೆಯವರೇ ದುಡ್ಡು ಕೂಡಿಸಿದ್ದೂ ಉಂಟು. ಮಾಜಿ ಸೈನಿಕರೆಂಬ ಮಾನ್ಯತೆ ಕೊಡುವ ಕಾನೂನು ಬಂದದ್ದು 1977ರಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ನಮ್ಮಲ್ಲಿ. ಎನ್‌ಸಿಸಿ ಅಧಿಕಾರಿಯಾದ ಲೆಕ್ಚರರ್ ಹೆಗಲ ಮೇಲೆ ನಕ್ಷತ್ರ ಇದ್ದರೂ, ಅಷ್ಟರಿಂದಲೇ ಯುದ್ಧಕ್ಕೆ ಹೋಗುವ ಹೊಣೆ 1948ರ ಎನ್‌ಸಿಸಿ ಕಾಯ್ದೆಯಲ್ಲಿ ಇಲ್ಲ. ಟೆರಿಟೋರಿಯಲ್ ಆರ್ಮಿ ಬೇರೆ. ನೌಕರಿ ಇಟ್ಟುಕೊಂಡೇ ಸೇರುವ ಸೈನ್ಯ ಅದು, ಕರೆದರೆ ಹೋಗಲೇಬೇಕು. ಅದನ್ನು ಕರೆಸಿಕೊಳ್ಳುವ ಅಧಿಕಾರವನ್ನು 2025ರ ಮೇನಲ್ಲಿ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಆದರೆ ಅದರ ಕಾಯ್ದೆಯಲ್ಲೇ ವಾಪಸ್ ಬಂದವರಿಗೆ ಹಳೇ ಕೆಲಸ ಕೊಡಿಸುವ ಕಲಮು ಇದೆ, ಪ್ರಾವಿಡೆಂಟ್ ಫಂಡಿನ ಹಕ್ಕನ್ನೂ ಕಾಯುತ್ತದೆ.

ನನ್ನ ಚಿಂತೆ ಇವೆರಡರ ನಡುವಿನವರದು. ಸುಮ್ನೆ ಒಂದು ಪತ್ರ ಕೊಟ್ಟು ಕರೆದುಕೊಂಡು ಹೋದ ಶಿಕ್ಷಕರದು. ಯುದ್ಧದ ವೇಳೆ ಸೈನ್ಯದ ಜೊತೆ ಕೆಲಸ ಮಾಡುವ ಸಿವಿಲಿಯನ್ನರಿಗೂ 1950ರ ಸೇನಾ ಕಾಯ್ದೆ ಅನ್ವಯಿಸುತ್ತದೆ. ತಪ್ಪು ಮಾಡಿದರೆ ಕೋರ್ಟ್ ಮಾರ್ಷಲ್ ಆಗಬಹುದು. ಆದರೆ ಅಷ್ಟಕ್ಕೇ ಸೈನಿಕರ ಪಿಂಚಣಿ ಬರುವುದಿಲ್ಲ. ಕಲಿಸುವವರನ್ನು ಕರೆಯುವ ಸರ್ಕಾರ ಮೊದಲು ಅವರ ಹೆಸರನ್ನು ಸೈನ್ಯದ ರೋಲ್‌ಗೆ, ಅಂದರೆ ಸಿಬ್ಬಂದಿ ಪಟ್ಟಿಗೆ, ಹಚ್ಚಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಆ ಇಬ್ಬರಿಗೂ ಹೇಳಿದ್ದು ಇಷ್ಟು: ದೇಶ ಕರೆದರೆ ಖಂಡಿತ ಹೋಗಿ. ಆದರೆ ಬಾಯಿಮಾತಿನ ಮೇಲೆ ಹೋಗಬೇಡಿ. ಯಾವ ಕಾನೂನಿನಡಿ ಕರೆದಿದ್ದಾರೆ, ರ‍್ಯಾಂಕ್ ಏನು, ಸಂಬಳ ಯಾರು ಕೊಡುತ್ತಾರೆ, ಗಾಯವಾದರೆ ಮನೆಯವರಿಗೆ ಏನು ಸಿಗುತ್ತದೆ, ಎಲ್ಲವೂ ಆದೇಶದಲ್ಲಿರಲಿ. ಹಳೇ ಹುದ್ದೆಯ ಮೇಲೆ ಲಿಯನ್, ಅಂದರೆ ಆ ಹುದ್ದೆಗೆ ಮರಳುವ ಹಕ್ಕು, ಉಳಿಸಿದ್ದು ಸರ್ವಿಸ್ ರಿಜಿಸ್ಟರ್‌ನಲ್ಲಿ ಎಂಟ್ರಿ ಆಗಲಿ. ಸಹಿ, ಸೀಲು ಬಿದ್ದ ಆ ಪುಟದ ಜೆರಾಕ್ಸ್ ಒಂದನ್ನು ಮನೆಯಲ್ಲಿ ಹೆಂಡತಿ ಕೈಗೆ ಕೊಟ್ಟು ಹೋಗಿ.