ಔಷಧ ಪಾಲನೆ: ಕೊಟ್ಟ ಮಾತ್ರೆ, ನುಂಗಿದ ಮಾತ್ರೆ

ನಮ್ಮಜ್ಜಿ ಯಾವತ್ತೂ ಮಾತ್ರೆ ಬೇಡ ಅಂದವರಲ್ಲ. ಮಂಡ್ಯ ಕಡೆಯ ನಮ್ಮ ಹಳ್ಳಿ ನಾಲೆ ಬಯಲಿನದು. ಭತ್ತ, ಕಬ್ಬಿನ ಜೊತೆ ಸೊಳ್ಳೆಯೂ ಇತ್ತು, ಚಳಿಜ್ವರವೂ ಇತ್ತು. ಆರೋಗ್ಯ ಕಾರ್ಯಕರ್ತರು ಮಲೇರಿಯಾಕ್ಕೆ ಕ್ಲೋರೋಕ್ವಿನ್ ಮಾತ್ರೆ ಕೊಟ್ಟರೆ ಅಜ್ಜಿ ಅವರೆದುರಿಗೇ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು. ಅವರು ಬೀದಿ ತಿರುಗಿದ ಮೇಲೆ, ಕೆನ್ನೆ ಸಂದಿಯಲ್ಲಿದ್ದ ಮಾತ್ರೆ ಹಿತ್ತಲಿನ ಬಾಳೆ ಬುಡ ಸೇರುತ್ತಿತ್ತು. ಪುಸ್ತಕದಲ್ಲಿ ಮಾತ್ರ ‘ಕೊಟ್ಟಿದೆ’ ಅಂತ ಬರೆದಿರುತ್ತಿತ್ತು.

ಕೊಟ್ಟ ಮಾತ್ರೆ ಹೊಟ್ಟೆಗೆ ಹೋಯಿತಾ? ಇದನ್ನು ಕೇಳುವ ಪದ ‘ಔಷಧ ಪಾಲನೆ’. ಹೇಳಿದ ಔಷಧವನ್ನು ಹೇಳಿದಷ್ಟು, ಹೇಳಿದ ಹೊತ್ತಿಗೆ, ಹೇಳಿದಷ್ಟು ದಿನ ತೆಗೆದುಕೊಳ್ಳುವುದು. ವೈದ್ಯರು ಹಿಂದೆ ‘ಕಾಂಪ್ಲಯನ್ಸ್’ ಅನ್ನುತ್ತಿದ್ದರು, ಅಂದರೆ ಹೇಳಿದ ಮಾತು ಕೇಳುವುದು. ಈಗ ‘ಅಡ್ಹಿಯರೆನ್ಸ್’ ಅನ್ನುವುದೇ ಜಾಸ್ತಿ. ಒಪ್ಪಿಕೊಂಡು ಬಿಡದೆ ನಡೆಸುವುದು ಅಂತ ಅದರ ಅರ್ಥ. ನಾವು ‘ಪಥ್ಯ ಹಿಡಿಯೋದು’ ಅಂತೀವಲ್ಲ, ಆ ‘ಹಿಡಿಯೋದು’ ಇದಕ್ಕೆ ತುಂಬಾ ಹತ್ತಿರ.

ಜ್ವರ ಬಂದವರೇ ಮಾತ್ರೆ ಉಗಿಯುವಾಗ, ಜ್ವರವೇ ಇಲ್ಲದವರ ಕಥೆ ಏನು? ಮಲೇರಿಯಾ ಬರದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆಗಳಿವೆ. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. ಅಂಥ ಕಡೆ ಹೊರಟವರಿಗೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದರೆ, ದಿನಕ್ಕೊಂದು ಮಾತ್ರೆ. ಊರಿಗೆ ವಾಪಸ್ ಬಂದ ಮೇಲೂ 4 ವಾರ. ತಪ್ಪುವುದು ಇಲ್ಲೇ. ಮನೆ ಸೇರಿದೆವು, ಮೈ ಚೆನ್ನಾಗಿದೆ, ಇನ್ನೇಕೆ ಅನ್ನಿಸುತ್ತದೆ. ಆದರೆ ಸೊಳ್ಳೆ ಬಿಟ್ಟ ರೋಗಾಣು ಮೊದಲು ಯಕೃತ್ತಿನಲ್ಲಿ ಅಡಗಿ, ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಅದು ಇಳಿಯುವ ಹೊತ್ತಿಗೆ ರಕ್ತದಲ್ಲಿ ಔಷಧ ಇರಬೇಕು.

ತಗೊಂಡ್ರಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದಕ್ಕೇ ಮೂತ್ರ ಪರೀಕ್ಷೆ. ಕ್ಲೋರೋಕ್ವಿನ್ ಹೆಚ್ಚಾಗಿ ಮೂತ್ರದಲ್ಲೇ ಹೊರಗೆ ಹೋಗುತ್ತದೆ, ಸೂಜಿ ಚುಚ್ಚುವುದು ಬೇಕಿಲ್ಲ. ‘ಡಿಲ್–ಗ್ಲಾಜ್ಕೊ’ ಎಂಬ ಹಳೆಯ ಪರೀಕ್ಷೆ ನೋಡಿ. ಗಾಜಿನ ಕೊಳವೆಯಲ್ಲಿ ಸ್ವಲ್ಪ ಮೂತ್ರ. ಅದಕ್ಕೆ ಇಯೋಸಿನ್ ಎಂಬ ಬಣ್ಣದ ದ್ರಾವಣ ಕೆಲವು ಹನಿ. ಅಲ್ಲಾಡಿಸಿ ಸುಮ್ನೆ ಬಿಡಬೇಕು. ಹಳದಿ ಬಣ್ಣ ನೇರಳೆಗೆಂಪಿಗೆ ತಿರುಗಿದರೆ ಔಷಧ ಮೈಯೊಳಗೆ ಹೋಗಿದೆ. ಆದರೂ ಜ್ವರ ಬಂತು ಅಂದರೆ ಔಷಧವನ್ನೇ ಅನುಮಾನಿಸಬೇಕು. ಬಣ್ಣ ತಿರುಗದಿದ್ದರೆ ಔಷಧದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಈ ಎರಡನ್ನು ಬೇರೆ ಮಾಡಿ ತೋರಿಸುವುದೇ ಪರೀಕ್ಷೆಯ ದೊಡ್ಡ ಉಪಕಾರ.

ಮಿತಿಯೂ ಇದೆ. ಕ್ಲೋರೋಕ್ವಿನ್ ಮೈಯಿಂದ ಪೂರ್ತಿ ಹೋಗಲು ವಾರಗಟ್ಟಲೆ ಬೇಕು. ಹೋದ ವಾರದ ಮಾತ್ರೆ ತಪ್ಪಿಸಿದವರೂ ಪರೀಕ್ಷೆಯಲ್ಲಿ ಪಾಸಾಗಬಹುದು.

ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆಯ ಸೈನಿಕರಿಗೆ ಮಲೇರಿಯಾ ಬರದಂತೆ ಮೆಪಾಕ್ರಿನ್ ಕೊಡುತ್ತಿದ್ದರು. ಮೈ ಹಳದಿ ಮಾಡುವ ಮಾತ್ರೆ ಅದು. ಗಂಡಸುತನ ಹೋಗುತ್ತದೆ ಎಂಬ ಗಾಳಿಸುದ್ದಿ ಬೇರೆ. ಅಲ್ಲಿ ಬ್ರಿಟಿಷ್ ಸೇನೆ ನಡೆಸುತ್ತಿದ್ದ ಜನರಲ್ ಸ್ಲಿಮ್ ಹೇಳದೆ ಕೇಳದೆ ಇಡೀ ತುಕಡಿಗಳನ್ನೇ ಪರೀಕ್ಷೆ ಮಾಡಿಸಿದರು. ನೂರಕ್ಕೆ 95 ಜನ ತೆಗೆದುಕೊಂಡಿಲ್ಲದಿದ್ದರೆ ಆ ತುಕಡಿಯ ಅಧಿಕಾರಿಗೇ ಮನೆಯ ದಾರಿ. 3 ಜನ ಹಾಗೆ ಹೋದರು, ಉಳಿದವರು ಸರಿಹೋದರು. ಪಾಲಿಸದ ಸೈನಿಕನನ್ನಲ್ಲ, ಮೇಲಿನವರನ್ನು ಹೊಣೆ ಮಾಡಿದ್ದು ನನಗೆ ಹಿಡಿಸುತ್ತದೆ. ನಮ್ಮ ಹಳ್ಳಿಗಳಲ್ಲೂ ಈ ಪರೀಕ್ಷೆ ಜನರನ್ನು ಕಳ್ಳರಂತೆ ಹಿಡಿಯಲು ಬಳಕೆಯಾಗಬಾರದು. ಬಣ್ಣ ತಿರುಗಲಿಲ್ಲ ಅನ್ನುವುದನ್ನು ಕೊಳವೆ ಹೇಳುತ್ತದೆ, ಯಾಕೆ ಅನ್ನುವುದನ್ನು ಮನುಷ್ಯರನ್ನೇ ಕೇಳಬೇಕು, ಅಲ್ವಾ?

ಅಜ್ಜಿಯನ್ನು ಹಾಗೆ ಕೇಳಿದ್ದು ಒಬ್ಬ ಸಿಸ್ಟರ್ ಮಾತ್ರ. ‘ಬರೀ ಹೊಟ್ಟೇಲಿ ಹಾಕ್ಕೊಂಡ್ರೆ ಹೊಟ್ಟೆ ತೊಳೆಸುತ್ತೆ ಕಣವ್ವ, ಕಹಿ ಬೇರೆ’ ಅಂದರು ಅಜ್ಜಿ. ಸಿಸ್ಟರ್ ಜಗಲಿ ಮೇಲೆ ಕೂತರು. ಅಜ್ಜಿ ಮುದ್ದೆ ಉಂಡು ಕೈ ತೊಳೆದು ಬರುವ ತನಕ ಕಾದು, ಆಮೇಲೆ ಮಾತ್ರೆ ಕೊಟ್ಟರು.